ಬೆಥೆಸ್ಡಾ 3 ಅಂದರೆ ಮೂರನೇ ಸ್ಟೇಜ್ ಅಲ್ಲ

ಪ್ರಶ್ನೆ: ಅಕ್ಕಾ, ನನಗೆ 41 ವರ್ಷ. ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹುತ್ತರಿ ದಿನ ನಾನು ತಲೆ ಎತ್ತಿ ನೀರು ಕುಡಿಯುವಾಗ ನಾದಿನಿ ನೋಡಿ, ‘ಅತ್ತಿಗೆ, ಕುತ್ತಿಗೆಯಲ್ಲಿ ಏನೋ ಮೇಲೆ ಕೆಳಗೆ ಹೋಗ್ತಿದೆ’ ಅಂದಳು. ಮಡಿಕೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಥೈರಾಯ್ಡ್‌ನ ಎಡಗಡೆ 1.8 ಸೆಂ.ಮೀ. ಗಂಟು, ಟೈರಾಡ್ಸ್ 4 ಅಂತ ಬಂತು. ಥೈರಾಯ್ಡ್ ಕೆಲಸ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಟಿಎಸ್‌ಎಚ್ 2.4, ಅದು ನಾರ್ಮಲ್ ಅಂದರು. ಡಿಸೆಂಬರ್ ಕೊನೆಯಲ್ಲಿ ಮೈಸೂರಿಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸಿದೆವು. ರಿಪೋರ್ಟ್‌ನಲ್ಲಿ ಬೆಥೆಸ್ಡಾ 3 ಅಂತ ಇದೆ. ಡಾಕ್ಟರು ‘ಈಗಲೇ ಏನೂ ಖಚಿತವಾಗಿ ಹೇಳೋಕಾಗಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಮಾಡೋಣ’ ಅಂದರು. ನಾದಿನಿ ಫೋನಲ್ಲಿ ಯಾರಿಗೋ ‘ಮೂರನೇ ಸ್ಟೇಜಂತೆ’ ಅಂತ ಹೇಳಿದ್ದು ನನ್ನ ಕಿವಿಗೆ ಬಿತ್ತು. ಯಜಮಾನರು ‘ಕೊಯ್ಲು ಮುಗಿದ ತಕ್ಷಣ ಥೈರಾಯ್ಡೇ ಪೂರ್ತಿ ತೆಗೆಸಿಬಿಡೋಣ’ ಅನ್ನುತ್ತಾರೆ. ಅತ್ತೆ ಯಾವುದೋ ಲೇಪ ತರಿಸಿಟ್ಟಿದ್ದಾರೆ. ಮಗಳು ಸೆಕೆಂಡ್ ಪಿಯುಸಿ, ಅವಳಿಗೆ ಇನ್ನೂ ಹೇಳಿಲ್ಲ. ರಾತ್ರಿ ನಿದ್ದೆ ಇಲ್ಲ. ದಿನಕ್ಕೆ ಎಷ್ಟು ಸಲ ಗಂಟು ಮುಟ್ಟಿ ನೋಡುತ್ತೇನೋ ಲೆಕ್ಕವಿಲ್ಲ. ಹೌದು ಅಂದರೆ ಅತ್ತುಬಿಡುತ್ತಿದ್ದೆ, ಇಲ್ಲ ಅಂದರೆ ದೇವರಿಗೆ ಕೈ ಮುಗಿಯುತ್ತಿದ್ದೆ. ಇದು ಎರಡೂ ಅಲ್ಲ. ಮೂರು ತಿಂಗಳು ಹೇಗೆ ಕಳೆಯಲಿ?

ಹೆಸರು ಬೇಡ ಎಂದಿರುವ ಓದುಗರು, ನಾಪೋಕ್ಲು

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನನ್ನ ಕೈ ಗೊತ್ತಿಲ್ಲದೇ ನನ್ನ ಕುತ್ತಿಗೆಗೆ ಹೋಯಿತು. ಅಲ್ಲಿ ಒಂದು ಗೆರೆ ಇದೆ. ಈಗ ಮಸುಕಾಗಿದೆ, ಸರ ಹಾಕಿದರೆ ಕಾಣುವುದಿಲ್ಲ. ನೀವು ಈಗ ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ. 31 ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಆದರೂ ಲ್ಯಾಬಿನಿಂದ ಒಬ್ಬ ಹುಡುಗಿ ಫೋನ್ ಮಾಡಿ ‘ಮೂರು ಬಂದಿದೆ ಮೇಡಂ, ಬೇಗ ಯಾರಿಗಾದರೂ ತೋರಿಸಿ’ ಅಂದಾಗ, ಒಲೆಯ ಮೇಲೆ ಹಾಲಿಟ್ಟದ್ದು ಮರೆತು ಹೊರಗೆ ಕಣದಲ್ಲಿ ಹೋಗಿ ನಿಂತಿದ್ದೆ. ಹಾಲು ಸೀದ ವಾಸನೆ ಬಂದ ಮೇಲೆಯೇ ಎಚ್ಚರವಾಗಿದ್ದು. ಹಾಗಾಗಿ ನಿಮ್ಮ ಭಯವನ್ನು ‘ಏನೂ ಆಗಲ್ಲ ಬಿಡಿ’ ಅಂತ ತಳ್ಳಿಹಾಕುವುದಿಲ್ಲ.

ಮೊದಲು ನಾದಿನಿ ಹೇಳಿದ ಮಾತು ಸರಿಮಾಡೋಣ. ಬೆಥೆಸ್ಡಾ 3 ಅಂದರೆ ಮೂರನೇ ಸ್ಟೇಜ್ ಅಲ್ಲವೇ ಅಲ್ಲ. ಸ್ಟೇಜ್ ಅನ್ನುವುದು ಕ್ಯಾನ್ಸರ್ ಇದೆ ಅಂತ ಖಚಿತವಾದ ಮೇಲೆ, ಅದು ಎಲ್ಲಿವರೆಗೆ ಹರಡಿದೆ ಅಂತ ಹೇಳುವ ಲೆಕ್ಕ. ನಿಮಗೆ ಕ್ಯಾನ್ಸರ್ ಇದೆ ಅಂತ ಯಾರೂ ಹೇಳಿಲ್ಲ. ಬೆಥೆಸ್ಡಾ ಅಮೆರಿಕದ ವಾಷಿಂಗ್ಟನ್ ಪಕ್ಕದ ಒಂದು ಊರು. ಮೊದಲೆಲ್ಲ ಥೈರಾಯ್ಡ್ ಸೂಜಿ ಪರೀಕ್ಷೆಯ ರಿಪೋರ್ಟನ್ನು ಒಂದೊಂದು ಲ್ಯಾಬಿನವರು ಒಂದೊಂದು ಥರ ಬರೆಯುತ್ತಿದ್ದರು. ಓದಿದ ಡಾಕ್ಟರಿಗೂ ಗೊಂದಲವಾಗುತ್ತಿತ್ತು. 2007ರಲ್ಲಿ ತಜ್ಞರು ಆ ಊರಲ್ಲಿ ಸೇರಿ, ಎಲ್ಲರೂ ಆರು ಗುಂಪಿನಲ್ಲೇ ಬರೆಯೋಣ ಅಂತ ಮಾಡಿದರು. ಒಂದು ಅಂದರೆ ಸ್ಯಾಂಪಲ್ ಸಾಲದು. ಎರಡು ಅಂದರೆ ಬಿನೈನ್, ಕ್ಯಾನ್ಸರ್ ಅಲ್ಲದ ಗಂಟು. ಆರು ಅಂದರೆ ಕ್ಯಾನ್ಸರ್. ಮೂರರ ಪೂರ್ತಿ ಹೆಸರು ‘ಏಟಿಪಿಯಾ ಆಫ್ ಅನ್‌ಡಿಟರ್ಮಿನ್ಡ್ ಸಿಗ್ನಿಫಿಕೆನ್ಸ್’. ಅಂದರೆ ಜೀವಕೋಶಗಳು ಪೂರ್ತಿ ಸಹಜವಾಗಿ ಕಾಣುತ್ತಿಲ್ಲ, ಆದರೆ ಕೆಟ್ಟದ್ದು ಅನ್ನುವಷ್ಟೂ ಇಲ್ಲ. ಟೈರಾಡ್ಸ್ 4 ಅನ್ನುವುದು ಇನ್ನೊಂದೇ ಲೆಕ್ಕ. ಅದು ಸ್ಕ್ಯಾನಿಂಗ್‌ನಲ್ಲಿ ಗಂಟು ಹೇಗೆ ಕಂಡಿತು ಅನ್ನುವುದಕ್ಕೆ ಕೊಡುವ ನಂಬರು. 4 ಬಂದು, ಗಂಟು ಒಂದೂವರೆ ಸೆಂ.ಮೀ. ದಾಟಿದ್ದರೆ ಸೂಜಿ ಪರೀಕ್ಷೆ ಮಾಡಿ ಅನ್ನುತ್ತಾರೆ. ನಿಮ್ಮದು 1.8. ಅದಕ್ಕೇ ಕಳಿಸಿದ್ದಾರೆ, ಬೇರೇನೂ ಮುಚ್ಚಿಟ್ಟಿಲ್ಲ. ಈ ಎರಡು ನಂಬರುಗಳನ್ನು ಕೂಡಿಸಿ ಕಳೆದು ರಾತ್ರಿಯೆಲ್ಲ ಲೆಕ್ಕ ಹಾಕಬೇಡಿ. ನಾನು ಹಾಕಿದ್ದೆ.

ಹಾಗಾದರೆ ಅಪಾಯ ಎಷ್ಟು? 2023ರಲ್ಲಿ ಬಂದ ಬೆಥೆಸ್ಡಾ ಪುಸ್ತಕದ ಮೂರನೇ ಆವೃತ್ತಿ ಪ್ರಕಾರ, ಮೂರನೇ ಗುಂಪಿನಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ಸರಾಸರಿ ನೂರಕ್ಕೆ 22. ಬೇರೆ ಬೇರೆ ಕಡೆ 13ರಿಂದ 30ರವರೆಗೆ ಬಂದಿದೆ. ಇದು ಸಣ್ಣ ಸಂಖ್ಯೆ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನಗೆ ಮನಸ್ಸಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ಈ ಲೆಕ್ಕ ಆಪರೇಷನ್ ಮಾಡಿಸಿಕೊಂಡವರದು. ಡಾಕ್ಟರಿಗೆ ಜಾಸ್ತಿ ಅನುಮಾನ ಬಂದವರೇ ತಾನೇ ಆಪರೇಷನ್‌ಗೆ ಹೋಗುವುದು? ಮೂರನೇ ಗುಂಪು ಬಂದು, ಎರಡನೇ ಪರೀಕ್ಷೆಯಲ್ಲಿ ಸರಿ ಅಂತ ಬಂದು, ಮನೆಯಲ್ಲೇ ಆರಾಮವಾಗಿ ಇರುವವರು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಅವರನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ಇಳಿಯುತ್ತದೆ.

ಇನ್ನು, ಇಷ್ಟೆಲ್ಲ ಮಷಿನ್ ಇದ್ದೂ ಯಾಕೆ ಸರಿಯಾಗಿ ಗೊತ್ತಾಗಲಿಲ್ಲ ಅಂತ ನಿಮಗೆ ಅನ್ನಿಸಿರಬೇಕು. ಅದನ್ನು ಹತ್ತಿರದಿಂದ ನೋಡಿದವಳು ನಾನು, ಹೇಳುತ್ತೇನೆ. ರಕ್ತ ತೆಗೆಯಲು ಸಾಮಾನ್ಯವಾಗಿ ಬಳಸುವುದಕ್ಕಿಂತ ಸಣ್ಣ ಸೂಜಿ ಅದು. ಗಂಟಿನೊಳಗೆ ಹಾಕಿ ಹಿಂದೆ ಮುಂದೆ ಆಡಿಸುತ್ತಾರೆ. ಆಗ ಎಂಜಲು ನುಂಗಬೇಡಿ ಅನ್ನುತ್ತಾರಲ್ಲ, ನುಂಗಿದರೆ ಗಂಟು ಜಾರುತ್ತದೆ. ಸೂಜಿಯೊಳಗೆ ಬರುವುದು ಒಂದು ಹನಿಯಷ್ಟೂ ಇರುವುದಿಲ್ಲ. ಅದನ್ನು ಗಾಜಿನ ಸ್ಲೈಡಿನ ಮೇಲೆ ಊದಿ, ಇನ್ನೊಂದು ಸ್ಲೈಡಿಟ್ಟು ಸರ್ರನೆ ಎಳೆಯಬೇಕು. ಕೆಲವು ಸ್ಲೈಡುಗಳನ್ನು ಆ ಕ್ಷಣವೇ ಸ್ಪಿರಿಟ್‌ಗೆ ಹಾಕಬೇಕು. ಸ್ವಲ್ಪ ತಡವಾದರೆ ಗಾಳಿಗೆ ಒಣಗಿ ಜೀವಕೋಶ ಉಬ್ಬಿದ ಹಾಗೆ ಕಾಣುತ್ತದೆ. ಥೈರಾಯ್ಡ್‌ನಲ್ಲಿ ರಕ್ತ ಓಡಾಟ ಜಾಸ್ತಿ, ರಕ್ತ ಬೆರೆತರೆ ಜೀವಕೋಶ ಮುಚ್ಚಿಹೋಗುತ್ತದೆ. ಥೈರಾಯ್ಡ್‌ನಲ್ಲಿ ಹಳೆಯ ಉರಿಯೂತ ಇದ್ದರೂ ಅವು ವಿಚಿತ್ರವಾಗಿ ಕಾಣುತ್ತವೆ. ಇಂಥ ಸ್ಲೈಡ್ ಮುಂದೆ ಕೂತ ಪೆಥಾಲಜಿ ಡಾಕ್ಟರು ಎರಡು ಅಂತ ಬರೆದು ನಿಮ್ಮನ್ನು ಖುಷಿಪಡಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ‘ನನಗೆ ಕಂಡದ್ದು ಇಷ್ಟೇ’ ಅಂತ ಬರೆದರು. ಆ ಕಾಗದವನ್ನು ನೀವು ಕೆಟ್ಟ ಸುದ್ದಿ ಅಂತ ಓದುತ್ತಿದ್ದೀರಿ. ನಾನು ಅದನ್ನು ಪ್ರಾಮಾಣಿಕವಾದ ರಿಪೋರ್ಟ್ ಅಂತ ಓದುತ್ತೇನೆ.

ಮೂರು ತಿಂಗಳು ಯಾಕೆ? ಸೂಜಿ ಚುಚ್ಚಿದ ಜಾಗ ಮಾಯುವಾಗ ಅಲ್ಲಿನ ಜೀವಕೋಶಗಳು ಬದಲಾಗಿ ಕಾಣುತ್ತವೆ. ಬೇಗ ತೆಗೆದರೆ ಮತ್ತೆ ಗೊಂದಲ ಆಗಬಹುದು ಅಂತ ಸ್ವಲ್ಪ ಕಾಲ ಬಿಡುವ ರೂಢಿ. ಕೆಲವು ಡಾಕ್ಟರು ಅದಕ್ಕಿಂತ ಬೇಗನೂ ಮಾಡುತ್ತಾರೆ. ಎರಡನೇ ಸಲ ಬಹಳ ಜನರಿಗೆ ಸ್ಪಷ್ಟ ಉತ್ತರ ಸಿಗುತ್ತದೆ, ಅದರಲ್ಲಿ ಜಾಸ್ತಿ ಪಾಲು ಬಿನೈನ್ ಅಂತಲೇ.

‘ಅಷ್ಟರಲ್ಲಿ ಹರಡಿಬಿಟ್ಟರೆ?’ ಇದೇ ಅಲ್ವಾ ರಾತ್ರಿ ಎರಡು ಗಂಟೆಗೆ ಏಳಿಸುವ ಪ್ರಶ್ನೆ. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ಪ್ಯಾಪಿಲರಿ ಅನ್ನುವ ಜಾತಿ. ಅದು ಸಾಮಾನ್ಯವಾಗಿ ತೀರಾ ನಿಧಾನ. ಜಪಾನಿನ ಕೋಬೆ ಊರಿನ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಒಂದು ಕೆಲಸ ಮಾಡಿದರು. ಒಂದು ಸೆಂ.ಮೀ. ಒಳಗಿನ ಪ್ಯಾಪಿಲರಿ ಕ್ಯಾನ್ಸರ್ ಅಂತ ಗೊತ್ತಾದರೂ, ಒಪ್ಪಿದವರಿಗೆ ಆಪರೇಷನ್ ಮಾಡದೆ ಸ್ಕ್ಯಾನಿಂಗ್ ಮಾಡುತ್ತಾ ಕಾದರು. ಹತ್ತು ವರ್ಷದಲ್ಲಿ 3 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೆಳೆದದ್ದು ನೂರರಲ್ಲಿ ಸುಮಾರು 8 ಜನರಿಗೆ ಮಾತ್ರ. ನಿಮ್ಮ ಗಂಟು ಅದಕ್ಕಿಂತ ದೊಡ್ಡದು, ಹಾಗಾಗಿ ಆ ಲೆಕ್ಕ ನಿಮಗೆ ನೇರವಾಗಿ ಹೊಂದುವುದಿಲ್ಲ. ಆದರೆ ಕ್ಯಾನ್ಸರ್ ಇದೆ ಅಂತ ಗೊತ್ತಿದ್ದವರೇ ವರ್ಷಗಟ್ಟಲೆ ಕಾದಿದ್ದಾರೆ ಅಂದ ಮೇಲೆ, ಇದೆಯೋ ಇಲ್ಲವೋ ಗೊತ್ತಿಲ್ಲದ ನಿಮಗೆ ಮೂರು ತಿಂಗಳು ದೊಡ್ಡ ನಷ್ಟ ಮಾಡುವುದಿಲ್ಲ.

ಇನ್ನು ಯಜಮಾನರ ಮಾತು. ಅವರು ಹೆದರಿದ್ದಾರೆ ತಂಗಿ. ತೋಟದಲ್ಲಿ ಕೆಲಸಕ್ಕೆ ಜನ ಸಿಗದೆ ಒದ್ದಾಡುವ ಹೊತ್ತಿನಲ್ಲಿ, ಒಂದು ಕೆಲಸವಾದರೂ ಮುಗಿದುಹೋಗಲಿ ಅಂತ ಅವರಿಗೆ ಅನ್ನಿಸಿದೆ. ಆದರೆ ಒಂದೇ ಒಂದು ಬೆಥೆಸ್ಡಾ 3 ನೋಡಿ ಪೂರ್ತಿ ಥೈರಾಯ್ಡ್ ತೆಗೆಸುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪೂರ್ತಿ ತೆಗೆದರೆ ಜೀವನಪರ್ಯಂತ ದಿನಾ ಮಾತ್ರೆ. ಥೈರಾಯ್ಡ್ ಹಿಂದೆಯೇ ಕ್ಯಾಲ್ಸಿಯಂ ನೋಡಿಕೊಳ್ಳುವ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅವುಗಳಿಗೆ ಪೆಟ್ಟಾದರೆ ಕೈ ಬೆರಳು, ತುಟಿ ಜೋಮು ಹಿಡಿಯುತ್ತದೆ. ಧ್ವನಿಯ ನರ ಅಲ್ಲೇ ಹಾದುಹೋಗುತ್ತದೆ. ಎರಡನೇ ಪರೀಕ್ಷೆಯಲ್ಲೂ ಗೊತ್ತಾಗದಿದ್ದರೆ ಗಂಟಿರುವ ಅರ್ಧ ಭಾಗ ಮಾತ್ರ ತೆಗೆದು ಪರೀಕ್ಷೆಗೆ ಕಳಿಸುವ ದಾರಿ ಇದೆ. ಸ್ಕ್ಯಾನಿಂಗ್ ಮಾಡುತ್ತಾ ಕಾಯುವ ದಾರಿಯೂ ಇದೆ. ಸೂಜಿಯಲ್ಲಿ ಬಂದದ್ದರ ಜೀನ್ ಪರೀಕ್ಷೆಯೂ ಇದೆ, ಆದರೆ ಅದು ದುಬಾರಿ, ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಜನ ಸಾಲಾಗಿ ಥೈರಾಯ್ಡ್ ಸ್ಕ್ಯಾನಿಂಗ್ ಮಾಡಿಸತೊಡಗಿದ ಮೇಲೆ, 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟಾಯಿತು. ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಯಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಮೊದಲಿನಷ್ಟೇ ಇತ್ತು. ಇದನ್ನು ಯಜಮಾನರಿಗೆ ಓದಿ ಹೇಳಿ. ಭಯ ಕಳೆಯಲಿ ಅಂತ ಆಪರೇಷನ್ ಮಾಡಿಸಬಾರದು. ಬೇಕಾದರೆ ಮಾಡಿಸಬೇಕು.

ನನ್ನದು ಏನಾಯಿತು ಅಂತ ಕೇಳುತ್ತೀರಿ. ನನ್ನ ಎರಡನೇ ಪರೀಕ್ಷೆಯಲ್ಲೂ ಮೂರೇ ಬಂತು. ಆ ದಿನ ಹುಣಸೂರು ದಾಟುವವರೆಗೂ ಬಸ್ಸಿನಲ್ಲಿ ಒಂದು ಮಾತೂ ಆಡದೆ ಕೂತಿದ್ದೆ. ಪಕ್ಕದಲ್ಲಿದ್ದ ನನ್ನಕ್ಕನೂ ಆಡಲಿಲ್ಲ. ಪಿರಿಯಾಪಟ್ಟಣದಲ್ಲಿ ಅವಳು ಕಡಲೆಕಾಯಿ ತೆಗೆದುಕೊಂಡು, ಸುಲಿದು ಸುಲಿದು ನನ್ನ ಅಂಗೈಗೆ ಹಾಕಿದಳು. ಕುಶಾಲನಗರ ಬರುವಷ್ಟರಲ್ಲಿ ನಾನು ಅರ್ಧ ತೆಗೆಸುತ್ತೇನೆ ಅಂತ ಅವಳಿಗೆ ಹೇಳಿದ್ದೆ. ನನ್ನ ಗಂಟು ಆರು ತಿಂಗಳಲ್ಲಿ ಬೆಳೆದಿತ್ತು, ಡಾಕ್ಟರೂ ಅದನ್ನೇ ಹೇಳಿದ್ದರು. ಆಪರೇಷನ್ ಆಯಿತು. ಧ್ವನಿ ಆರು ವಾರ ಒಡೆದ ಹಾಗಿತ್ತು, ಆಮೇಲೆ ಸರಿಹೋಯಿತು. ಪರೀಕ್ಷೆಯಲ್ಲಿ ಫಾಲಿಕ್ಯುಲರ್ ಅಡಿನೋಮಾ ಅಂತ ಬಂತು, ಕ್ಯಾನ್ಸರ್ ಇರಲಿಲ್ಲ.

ಹಾಗಾದರೆ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ನಾನು ಪೆಥಾಲಜಿ ಡಾಕ್ಟರನ್ನು ಕೇಳಿದ್ದೆ. ಅವರು ಸಮಾಧಾನವಾಗಿ ಹೇಳಿದ್ದನ್ನು ನಮ್ಮ ಕೊಡಗಿನ ಕಿತ್ತಳೆ ಇಟ್ಟುಕೊಂಡು ಹೇಳುತ್ತೇನೆ. ಕಿತ್ತಳೆಗೆ ಸೂಜಿ ಹಾಕಿ ರಸ ತೆಗೆದರೆ ಹುಳಿಯೋ ಸಿಹಿಯೋ ತಿಳಿಯುತ್ತದೆ. ಸಿಪ್ಪೆ ಎಲ್ಲಾದರೂ ಒಡೆದಿದೆಯಾ ಅಂತ ತಿಳಿಯುವುದಿಲ್ಲ. ಅದಕ್ಕೆ ಹಣ್ಣನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಈ ಫಾಲಿಕ್ಯುಲರ್ ಜಾತಿಯ ಗಂಟುಗಳಲ್ಲಿ ಒಳಗಿನ ಜೀವಕೋಶ ಒಳ್ಳೆಯದರಲ್ಲೂ ಕೆಟ್ಟದರಲ್ಲೂ ಒಂದೇ ಥರ. ಗಂಟು ತನ್ನ ಸಿಪ್ಪೆ ಒಡೆದು ಹೊರಗೆ ಬಂದಿದ್ದರೆ, ಇಲ್ಲವೇ ರಕ್ತನಾಳಕ್ಕೆ ನುಗ್ಗಿದ್ದರೆ ಮಾತ್ರ ಕ್ಯಾನ್ಸರ್. ಅದು ಸೂಜಿಗೆ ಸಿಗುವ ವಿಷಯವಲ್ಲ. ಎಲ್ಲ ಬೆಥೆಸ್ಡಾ 3 ಹೀಗೇ ಇರುತ್ತದೆ ಅಂತಲ್ಲ. ನಿಮ್ಮ ಸ್ಲೈಡಿನಲ್ಲಿ ಏನು ಕಂಡಿತು ಅಂತ ಡಾಕ್ಟರನ್ನೇ ಕೇಳಿ. ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ಪಡೆದು, ಥೈರಾಯ್ಡ್ ಜಾಸ್ತಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಬಹುದು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸಂಕೋಚ ಬೇಡ.

ಈಗ ನಿಮ್ಮ ಕೈ. ದಿನಕ್ಕೆ ಹತ್ತಾರು ಸಲ ಒತ್ತಿ ನೋಡಿದರೆ ಆ ಜಾಗ ನೋಯುತ್ತದೆ. ನೋವಾದರೆ ‘ಬೆಳೀತಿದೆ’ ಅನ್ನಿಸುತ್ತದೆ. ಮತ್ತೆ ಒತ್ತುತ್ತೀರಿ. ನಮ್ಮ ಬೆರಳಿಗೆ ಮಿಲಿಮೀಟರ್ ಗೊತ್ತಾಗುವುದಿಲ್ಲ ತಂಗಿ. ಸ್ಕ್ಯಾನಿಂಗ್‌ನಲ್ಲೂ ಇವತ್ತು 1.8 ಅಂದದ್ದು ನಾಳೆ ಬೇರೆಯವರ ಕೈಯಲ್ಲಿ 1.9 ಬರಬಹುದು. ಎರಡು ಕಡೆಯ ಅಳತೆಯಾದರೂ ಐದನೇ ಒಂದು ಭಾಗದಷ್ಟು, ಕಡಿಮೆಯೆಂದರೆ 2 ಮಿ.ಮೀ. ಹೆಚ್ಚಾದರೆ ಮಾತ್ರ ಬೆಳೆದಿದೆ ಅನ್ನುತ್ತಾರೆ. ನಾನು ಮಾಡಿದ್ದು ಇಷ್ಟು: ತಿಂಗಳ ಮೊದಲ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ಕುಡಿದು ನೋಡುವುದು, ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಹಾಕುವುದು. ಉಳಿದ ದಿನ ಕೈ ಮೇಲೆ ಹೋದಾಗಲೆಲ್ಲ ಆ ಕೈಗೆ ಏನಾದರೂ ಕೆಲಸ ಕೊಡುತ್ತಿದ್ದೆ. ಕಣದಲ್ಲಿ ಒಣಗಿದ ಕಾಫಿಯಲ್ಲಿ ಕಡ್ಡಿ ಆರಿಸುವುದು, ಕಾಳುಮೆಣಸಿನ ಗೊಂಚಲು ಬಿಡಿಸುವುದು. ಮೊದಲ ಹದಿನೈದು ದಿನ ಕಷ್ಟ. ಆಮೇಲೆ ಸ್ವಲ್ಪ ಸಡಿಲವಾಗುತ್ತದೆ.

ಎರಡನೇ ಪರೀಕ್ಷೆಯ ತಾರೀಕು ಈಗಲೇ ಬರೆಸಿಕೊಳ್ಳಿ. ‘ಮೂರು ತಿಂಗಳು ಬಿಟ್ಟು’ ಅಂದರೆ ಅದು ಎಲ್ಲೂ ಮುಗಿಯದ ದಾರಿ. ಮಾರ್ಚ್ ಕೊನೆಯ ಇಂಥ ದಿನ ಅಂತಾದರೆ ಮನಸ್ಸಿಗೆ ನಿಲ್ಲಲು ಒಂದು ಜಾಗ ಸಿಗುತ್ತದೆ. ಹೂಮಳೆ ಬಂದು ತೋಟ ಬೆಳ್ಳಗಾಗುವ ಹೊತ್ತು ಅದು. ಸ್ಪ್ರಿಂಕ್ಲರ್ ಓಡಿಸುವ ಗಡಿಬಿಡಿಯಲ್ಲಿ ಮುಂದಕ್ಕೆ ಹಾಕಬೇಡಿ, ಇದನ್ನು ಯಜಮಾನರಿಗೂ ಹೇಳಿ. ಹೋಗುವಾಗ ಹಳೆಯ ಸ್ಕ್ಯಾನಿಂಗ್ ಫಿಲ್ಮ್, ರಿಪೋರ್ಟ್, ಟಿಎಸ್‌ಎಚ್ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ. ಸ್ಕ್ಯಾನಿಂಗ್ ನೋಡುತ್ತಲೇ ಸೂಜಿ ಹಾಕುತ್ತಾರಾ ಅಂತ ಕೇಳಿ, ಹಾಗೆ ಮಾಡಿದರೆ ಗಂಟಿನ ಸರಿಯಾದ ಭಾಗ ಸಿಗುತ್ತದೆ.

ಮಗಳಿಗೆ ಹೇಳಿ. ಅವಳಿಗೆ ಹೇಗೂ ಅರ್ಧ ಗೊತ್ತಿದೆ, ಅದೇ ಮನೆಯಲ್ಲಿ ನಾದಿನಿ ಫೋನಲ್ಲಿ ಮಾತಾಡಿದ್ದು ನಿಮಗೆ ಕೇಳಿಸಿದೆ ಅಂದ ಮೇಲೆ ಅವಳಿಗೆ ಕೇಳಿಸಿಲ್ಲ ಅಂತ ಹೇಗೆ ಹೇಳುತ್ತೀರಿ? ಪರೀಕ್ಷೆಗೆ ಓದುವ ಹುಡುಗಿ ‘ಮೂರನೇ ಸ್ಟೇಜ್’ ಅನ್ನುವ ಮಾತನ್ನು ಒಬ್ಬಳೇ ಇಟ್ಟುಕೊಂಡು ಕೂರಬಾರದು. ಉದ್ದ ಹೇಳಬೇಡಿ. ‘ಕುತ್ತಿಗೆಯಲ್ಲಿ ಒಂದು ಗಂಟಿದೆ. ಪರೀಕ್ಷೆ ಮಾಡಿಸಿದ್ದೀವಿ. ಸರಿಯಾಗಿ ಗೊತ್ತಾಗಿಲ್ಲ. ಮಾರ್ಚ್ ಕೊನೆಗೆ ಇನ್ನೊಂದು ಸಲ ಮಾಡ್ತಾರೆ. ಏನು ಬಂದರೂ ನಿನಗೆ ಮುಚ್ಚಿಡಲ್ಲ.’ ಇಷ್ಟು ಸಾಕು. ನಾದಿನಿಗೂ ಈ ಪುಟ ಓದಲು ಕೊಡಿ. ಗಂಟು ಮೊದಲು ಕಂಡವಳು ಅವಳು, ಅದನ್ನು ನೆನಪಿಡಿ. ಅತ್ತೆಯವರಿಗೆ ಲೇಪ ಬೇಡ ಅನ್ನುವಾಗ ಮೆತ್ತಗೆ ಹೇಳಿ. ಚರ್ಮ ಸುಟ್ಟು ಹುಣ್ಣಾದರೆ ಸೂಜಿ ಪರೀಕ್ಷೆಗೇ ತೊಂದರೆ.

ಕಾಯದೆ ತಕ್ಷಣ ಹೋಗಬೇಕಾದದ್ದೂ ಇದೆ. ಗಂಟು ಕೆಲವೇ ವಾರದಲ್ಲಿ ಕಣ್ಣಿಗೆ ಕಾಣುವ ಹಾಗೆ ದೊಡ್ಡದಾದರೆ, ಶೀತ ಕೆಮ್ಮು ಇಲ್ಲದೆ ಧ್ವನಿ ಎರಡು ಮೂರು ವಾರ ಒಡೆದೇ ಇದ್ದರೆ, ಅನ್ನ ನುಂಗಲು ಅಥವಾ ಮಲಗಿದಾಗ ಉಸಿರಾಡಲು ಕಷ್ಟವಾದರೆ, ಕುತ್ತಿಗೆಯ ಪಕ್ಕದಲ್ಲಿ ಬೇರೆ ಗಟ್ಟಿ ಗಂಟು ಕೈಗೆ ಸಿಕ್ಕರೆ, ಮಾರ್ಚ್‌ವರೆಗೆ ಕಾಯಬೇಡಿ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ಚಿಕ್ಕಂದಿನಲ್ಲಿ ನಿಮ್ಮ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದರಾ ಅನ್ನುವುದನ್ನು ಡಾಕ್ಟರು ಕೇಳದಿದ್ದರೂ ಹೇಳಿ.

ಮಾರ್ಚ್‌ನಲ್ಲಿ ರಿಪೋರ್ಟ್ ಬಂದ ಮೇಲೆ ನನಗೆ ಎರಡು ಸಾಲು ಬರೆಯಿರಿ. ಯಾವ ನಂಬರ್ ಬಂದರೂ ಬರೆಯಿರಿ.

ಪ್ರಶ್ನೆ: ಥೈರಾಯ್ಡ್ ಗಂಟಿರುವವರು ಕೋಸು, ಹೂಕೋಸು, ಕಣಿಲೆ ತಿನ್ನಲೇಬಾರದಾ? ಮಳೆಗಾಲದಲ್ಲಿ ಕಣಿಲೆ ಇಲ್ಲದೆ ನಮ್ಮ ಮನೆಯಲ್ಲಿ ಊಟವೇ ಇಲ್ಲ.

ಓದುಗರು, ಸೋಮವಾರಪೇಟೆ

ಉತ್ತರ: ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದರೆ, ಮಿತವಾಗಿ ತಿನ್ನಬಹುದು. ನಮ್ಮವರು ಕಣಿಲೆಯನ್ನು ಹೆಚ್ಚಿ, ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಚೆನ್ನಾಗಿ ಬೇಯಿಸಿಯೇ ಪಲ್ಯ ಮಾಡುವುದು. ಆ ಪದ್ಧತಿ ಬಿಡಬೇಡಿ, ಅದರಲ್ಲಿರುವ ಕೆಟ್ಟ ಅಂಶ ಹೋಗುವುದೇ ಹಾಗೆ. ದಿನಾ ಬೆಳಿಗ್ಗೆ ಸಂಜೆ ಅದೇ ಆಗುವುದು ಬೇಡ. ಊಟ ಬಿಟ್ಟರೆ ಗಂಟು ಕರಗುವುದಿಲ್ಲ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ರಕ್ತ ಪರೀಕ್ಷೆಗೆ ಮೊದಲು ಡಾಕ್ಟರಿಗೆ ತಿಳಿಸಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು.

ಪ್ರಶ್ನೆ: ನನ್ನ ಅಮ್ಮನಿಗೆ ಅರ್ಧ ಥೈರಾಯ್ಡ್ ತೆಗೆದಿದ್ದಾರೆ. ಆಮೇಲೆ ಟಿಎಸ್‌ಎಚ್ ಏರಿ ಮಾತ್ರೆ ಶುರುವಾಗಿದೆ. ಮಾತ್ರೆ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯುತ್ತಿಲ್ಲ. ಡೋಸ್ ಸಾಲದಾ?

ಓದುಗರು, ಗೋಣಿಕೊಪ್ಪ

ಉತ್ತರ: ಅರ್ಧ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರೆ ಬೇಕಾಗುತ್ತದೆ, ಅದಕ್ಕೆ ಗಾಬರಿ ಬೇಡ. ಡೋಸ್ ಕೇಳುವ ಮೊದಲು, ಅಮ್ಮ ಬೆಳಿಗ್ಗೆ ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತಾರೆ ಅಂತ ಒಂದು ದಿನ ಅಡುಗೆಮನೆಯಲ್ಲಿ ನಿಂತು ನೋಡಿ. ಕಾಫಿ ಬೆಳೆಯುವ ಊರು ನಮ್ಮದು, ಎದ್ದ ಕೂಡಲೇ ಒಲೆ ಮೇಲೆ ಕಾಫಿ ಇರುತ್ತದೆ. ಕಾಫಿ ಜೊತೆ ಅಥವಾ ಅದಾದ ತಕ್ಷಣ ನುಂಗಿದರೆ ಈ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬರೀ ನೀರಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇಡಿ. ಹೀಗೆ ಆರರಿಂದ ಎಂಟು ವಾರ ಮಾಡಿ, ಮತ್ತೆ ಟಿಎಸ್‌ಎಚ್ ನೋಡಿ, ಆಮೇಲೆ ಡಾಕ್ಟರ ಹತ್ತಿರ ಡೋಸ್ ಮಾತಾಡಿ.